ಒಲೆಯಿಂದ ಇಳಿಸದ ಮಡಕೆ

ನನ್ನ ಅತ್ತೆ ತೊರಿಬಿಯಾ ಬೆಂದ ಮಡಕೆಯನ್ನು ಒಲೆಯಿಂದ ತಾವಾಗಿ ಇಳಿಸುವವರಲ್ಲ. ಉಣ್ಣುವವರು ಬರಬೇಕು, ಅವರೇ ಇಳಿಸಿಕೊಳ್ಳಬೇಕು. ಮದುವೆಯಾಗಿ ಈ ದಾರಿಬದಿಯ ತಂಗುಮನೆಗೆ ಬಂದ ಹೊಸದರಲ್ಲಿ ನನಗಿದು ಗೊತ್ತಿರಲಿಲ್ಲ. ಗಂಜಿ ತಳ ಹಿಡಿದ ವಾಸನೆಗೆ ಓಡಿ ಹೋದರೆ ಅತ್ತೆ ಒಲೆಯ ಪಕ್ಕದಲ್ಲೇ ಕೂತು ಕೋಕಾ ಎಲೆ ಜಗಿಯುತ್ತಿದ್ದರು.

"ಅತ್ತೆ, ಸೀದು ಹೋಗ್ತಿದೆ!"

"ಗೊತ್ತು. ನಿನ್ನ ಗಂಡ ಇನ್ನೂ ಹೇಸರಗತ್ತೆ ಕಟ್ತಿದ್ದಾನಲ್ಲ."

ನನ್ನ ಗಂಡ ಮೆಲ್ಚೋರ್ ಒಳಗೆ ಬಂದು ಮಡಕೆ ಇಳಿಸಿದ. ನನ್ನ ಮುಖ ನೋಡಿ ನಕ್ಕ. "ಅದು ದಂಡಿನ ಪದ್ಧತಿ ಕಣೇ. ಅವ್ವನ್ನ ಬದಲಾಯ್ಸೋಕೆ ಹೋಗ್ಬೇಡ. ದಪ್ಪ ತಳದ ಮಡಕೆ ತಗೋ."

ತೆಗೆದುಕೊಂಡೆ. ನನ್ನಪ್ಪ ಚರ್ಚಿನ ಲೆಕ್ಕ ಬರೆಯುತ್ತಿದ್ದವನು, ನನಗೂ ಅಕ್ಷರ ಕಲಿಸಿದ್ದ. ಮಗು ಮಲಗಿದಾಗ ಅಷ್ಟಿಷ್ಟು ಬರೆದಿಡುವ ಅಭ್ಯಾಸ ಹಾಗೆ ಬಂತು. ಅತ್ತೆಯ ಬದುಕನ್ನು ಅವರು ಹೇಳಿದಷ್ಟೇ ಬರೆಯುತ್ತೇನೆ. ಹೇಳಿದ್ದೇ ಕಡಿಮೆ.

ಅವರಿಗೆ ಹದಿನಾರು. ಇಲಾರಿಯೋನ್ ಚೋಕೆ ಎಂಬವನ ಜೊತೆ ಸಂಸಾರ ಹೂಡಿ ಮೂರು ತಿಂಗಳಾಗಿತ್ತು. ಅವನು ಲಾಮಾಗಳ ಮೇಲೆ ಉಪ್ಪು ಹೇರಿಕೊಂಡು ಸಂತೆಗೆ ಹೋದ ದಿನವೇ ದಂಡಿನವರು ಅಲ್ಲಿಗೆ ಬಂದು ಅವನೂ ಸೇರಿ ಗಂಡಸರನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿದರು. ಕರ್ನಲ್ ಬಾರೆನೆಚಿಯಾನಿಗೆ ಆಳು ಬೇಕಾಗಿತ್ತು. ಸಂತೆಗೆ ಜೊತೆಯಲ್ಲೇ ಬಂದಿದ್ದ ಅತ್ತೆ ಮನೆಗೆ ಹೋಗಿ ಮಡಕೆ ಬೆನ್ನಿಗೆ ಕಟ್ಟಿಕೊಂಡು ಬಂದು ಹಗ್ಗದ ಪಕ್ಕದಲ್ಲಿ ನಡೆಯತೊಡಗಿದರು. ಯಾರೂ ಬೇಡ ಅನ್ನಲಿಲ್ಲ. ಹೆಂಡತಿ ಬಂದರೆ ಗಂಡ ಓಡಿಹೋಗುವುದಿಲ್ಲ ಎಂಬುದು ಕರ್ನಲ್‌ಗೆ ತಿಳಿದಿತ್ತು.

ದಂಡಿನ ಹಿಂದೆ ಹೋದ ಹೆಂಗಸರು ಎಂದು ಜನ ಅಂಥವರನ್ನು ಆಡಿಕೊಳ್ಳುತ್ತಾರೆ. ನಿಜವಾಗಿ ಅವರು ಹೋಗುತ್ತಿದ್ದುದು ಮುಂದೆ. ದಂಡು ಏಳುವ ಮೊದಲೇ ಎದ್ದು, ಮೂಟೆ, ಮಡಕೆ, ಕೂಸು ಹೊತ್ತು, ಅರ್ಧ ದಿನ ಮುಂದೆ ನಡೆದು, ಸಂಜೆಯ ಬೀಡಿನ ಊರಿನಲ್ಲಿ ಕೇಳಿಯೋ ಕಿತ್ತುಕೊಂಡೋ ಆಲೂಗಡ್ಡೆ ಹೊಂದಿಸಿ, ಗಂಡಸರು ಬರುವಷ್ಟರಲ್ಲಿ ಬೇಯಿಸಿರಬೇಕು. ಬಂದವನು ಮಡಕೆ ಇಳಿಸಿಕೊಂಡರೆ ಅವತ್ತು ಅವನು ಬದುಕಿದ್ದಾನೆ ಎಂದು ಅರ್ಥ. ಇಳಿಸದ ಮಡಕೆಯ ಹತ್ತಿರ ಉಳಿದ ಹೆಂಗಸರು ಬಂದು ಸುಮ್ಮನೆ ಕೂರುತ್ತಿದ್ದರು.

ಏಳು ವರ್ಷ ಹಾಗೆ ನಡೆದರು. ಮೆಲ್ಚೋರ್ ಹುಟ್ಟಿದ್ದು ದಾರಿಯಲ್ಲೇ, ಒಂದು ಕುರಿದೊಡ್ಡಿಯಲ್ಲಿ. ಮರುದಿನ ಮತ್ತೆ ನಡಿಗೆ. ನನಗೆ ಬಾಣಂತನದಲ್ಲಿ ನಲವತ್ತು ದಿನ ಕೋಳಿಸಾರು ಮಾಡಿಕೊಟ್ಟವರು ಇದೇ ಅತ್ತೆ. "ನಿಮಗ್ಯಾರು ಮಾಡಿದ್ರು?" ಎಂದು ಕೇಳಿದ್ದಕ್ಕೆ, "ನಾನೇ. ಐವತ್ತು ಜನಕ್ಕೆ," ಅಂದರು.

ಕರ್ನಲ್ ಜನರಲ್ ಆದ. ಆಮೇಲೆ ದೇಶದ ಅಧ್ಯಕ್ಷನೂ ಆದ, ಹದಿನಾಲ್ಕು ತಿಂಗಳು. ರಾಜಧಾನಿ ಹೊಕ್ಕ ದಿನವೂ ಹೆಂಗಸರು ವಾಡಿಕೆಯಂತೆ ಮುಂದೆ ಹೋಗಿ ಅರಮನೆಯ ಎದುರಿನ ಚೌಕದಲ್ಲೇ ಇನ್ನೂರು ಒಲೆ ಹೂಡಿದ್ದರಂತೆ. ಗಂಟೆ ಬಾರಿಸುತ್ತಿದ್ದಾರೆ, ಬಿಷಪ್ ಮೆಟ್ಟಿಲ ಮೇಲೆ ನಿಂತಿದ್ದಾರೆ, ಜನರಲ್‌ನ ಬಿಳಿ ಕುದುರೆ ಹೊಗೆಗೆ ಕೆಮ್ಮುತ್ತ ಮಡಕೆಗಳ ನಡುವೆ ದಾರಿ ಹುಡುಕುತ್ತಿದೆ. ಇದನ್ನು ಹೇಳುವಾಗ ಮಾತ್ರ ಅತ್ತೆಯ ತುಟಿ ಸ್ವಲ್ಪ ಸಡಿಲವಾಗುತ್ತದೆ. "ಅಧ್ಯಕ್ಷ ಆದ್ರೂ ಹೊಟ್ಟೆ ಇರುತ್ತಲ್ಲ." ಮರುದಿನವೇ ಹೆಂಗಸರನ್ನು ಊರ ಹೊರಗೆ ಕಳಿಸಿದರು.

ಆಮೇಲೆ ಜನರಲ್‌ನನ್ನು ಗದ್ದುಗೆಯಿಂದ ಇಳಿಸಿದರು. ದಂಡು ದಕ್ಷಿಣಕ್ಕೆ ಹಿಮ್ಮೆಟ್ಟುತ್ತಿತ್ತು, ಶತ್ರು ಬೆನ್ನಿಗಿದ್ದ. ಒಂದು ಬೆಳಿಗ್ಗೆ ಹೆಂಗಸರನ್ನು ಎಂದಿನಂತೆ ಮುಂದೆ, ಉಪ್ಪಾಲ್ಯಾ ಎಂಬ ಊರಿಗೆ ಕಳಿಸಿದರು. ಇಲಾರಿಯೋನ್ ಮೂರನೇ ತುಕಡಿಯವನು. "ಖಾರ ಜಾಸ್ತಿ ಹಾಕು" ಎಂದನಂತೆ. ಅವತ್ತು ಸಾರ್ಜೆಂಟ್ ತಾನೇ ಹಸಿ ಪೊದೆ ಕಡಿದು ಉರುವಲಿಗೆ ಕೊಟ್ಟ. ಯಾವತ್ತೂ ಕಡ್ಡಿ ಮುರಿದವನಲ್ಲ. ಹೆಂಗಸರು ಉಪ್ಪಾಲ್ಯಾದಲ್ಲಿ ಒಲೆ ಹೂಡಿದರು. ಸಂಜೆ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ನೀರು ಹಾಕಿ ಹಾಕಿ ಮೂರು ದಿನ ಕುದಿಸಿದರು. ನಾಲ್ಕನೇ ದಿನ ಶತ್ರುವಿನ ಸೈನಿಕರು ಗುಡ್ಡ ಇಳಿದು ಬಂದು ಮಡಕೆಗಳನ್ನು ಇಳಿಸಿಕೊಂಡು ಉಂಡರು.

ಇಲಾರಿಯೋನ್ ಏನಾದ ಎಂದು ಹೇಳುವವರಿರಲಿಲ್ಲ. ಹಾಜರಿ ಪುಸ್ತಕ ಸುಟ್ಟುಹೋಗಿತ್ತು. ಕಡಲ ತೀರದಲ್ಲಿ ಹಕ್ಕಿ ಹಿಕ್ಕೆಯ ಗೊಬ್ಬರ ಅಗೆಯುತ್ತಿದ್ದಾನೆ ಎಂದು ಒಬ್ಬ ಹೇಳಿದ. ಬೆಚ್ಚನೆಯ ಕಣಿವೆಯಲ್ಲಿ ಬೇರೆ ಹೆಂಗಸಿನ ಜೊತೆ ಇದ್ದಾನೆ ಎಂದು ಇನ್ನೊಬ್ಬ. ಜನರಲ್ ಮತ್ತೆ ಅಧಿಕಾರಕ್ಕೆ ಬಂದಾಗ ಅತ್ತೆ ಆರು ದಿನ ನಡೆದು ಅರಮನೆಯ ಬಾಗಿಲಿಗೂ ಹೋದರು. ನಾಳೆ ಬಾ ಎಂದು ಎಂಟು ದಿನ ಹೇಳಿಸಿಕೊಂಡು ತಿರುಗಿ ಬಂದರು.

ಇದರಿಂದ ಅತ್ತೆ ಇಕ್ಕಟ್ಟಿಗೆ ಸಿಕ್ಕುತ್ತಿದ್ದುದು ಪ್ರತಿ ನವೆಂಬರಿನಲ್ಲಿ. ಸತ್ತವರ ಹಬ್ಬಕ್ಕೆ ನಾವು ಮೇಜು ಹಾಸುತ್ತೇವೆ. ಒಂದನೇ ತಾರೀಕು ಮಧ್ಯಾಹ್ನ ಅವರು ಬರುತ್ತಾರೆ, ಎರಡರ ಮಧ್ಯಾಹ್ನ ಉಂಡು ಹೋಗುತ್ತಾರೆ. ಅವರ ಮುಖವಿಟ್ಟ ರೊಟ್ಟಿಯ ಬೊಂಬೆ, ಅವರಿಗೆ ಹಿಡಿಸುವ ಅಡುಗೆ. ಸತ್ತವನಿಗೆ ಮೇಜು ಹಾಸದಿದ್ದರೆ ಅವನು ವರ್ಷವಿಡೀ ಹಸಿದಿರುತ್ತಾನೆ. ಬದುಕಿರುವವನಿಗೆ ಹಾಸಿದರೆ ನಾವೇ ಅವನನ್ನು ಆ ಕಡೆಗೆ ಕರೆದಂತೆ. ಹತ್ತೊಂಬತ್ತು ವರ್ಷ ಅತ್ತೆ ಹಾಸಲೂ ಇಲ್ಲ, ಹಾಸದೆ ನೆಮ್ಮದಿಯಾಗಿ ಇರಲೂ ಇಲ್ಲ. ಆ ಎರಡು ದಿನ ಊಟ ಬಿಡುತ್ತಿದ್ದರು. ಅವನು ಹಸಿದಿದ್ದರೆ ಎಂದು.

ಈ ವರ್ಷ ಹಬ್ಬಕ್ಕೆ ವಾರವಿರುವಾಗಲೂ ರೊಟ್ಟಿ ಸುಡುವ ಬಾಸಿಲಿಯಾ ಕೆಣಕಿದಳು. ಅವಳದು ಊರಿಗೆಲ್ಲ ಒಂದೇ ಗೂಡೊಲೆ, ಬಾಯಿಯೂ ಅಷ್ಟೇ ದೊಡ್ಡದು.

"ಏನೇ ತೊರಿಬಿಯಾ, ಈ ವರ್ಷನಾದ್ರೂ ಬೊಂಬೆ ಮಾಡ್ಲಾ? ಅಥವಾ ನಿನ್ನ ಗಂಡ ಇನ್ನೂ ದಾರೀಲಿದ್ದಾನಾ?"

"ದಾರೀಲಿದ್ದಾನೆ."

"ಇಷ್ಟು ನಿಧಾನ ನಡೆಯೋನನ್ನ ದಂಡಿಗೆ ಯಾಕಮ್ಮಾ ಸೇರಿಸ್ಕೊಂಡ್ರು!"

ಅತ್ತೆ ನಮ್ಮ ರೊಟ್ಟಿ ಎತ್ತಿಕೊಂಡು ಬಂದರು.

ಅಕ್ಟೋಬರ್ ಇಪ್ಪತ್ತೊಂಬತ್ತರ ಮಧ್ಯಾಹ್ನ ಎರಡು ಹೇಸರಗತ್ತೆಗಳು ಅಂಗಳಕ್ಕೆ ಬಂದವು. ಒಂದರ ಮೇಲೆ ಎಳೆಯ ಅಧಿಕಾರಿ, ಇನ್ನೊಂದರ ಮೇಲೆ ಕಂದು ಕಂಬಳಿ ಹೊದ್ದ ಮುದುಕ. ರಾಜಧಾನಿಯಲ್ಲಿ ಮತ್ತೆ ಗಲಾಟೆಯಾದ ಸುದ್ದಿ ನಮಗೆ ಬಂದಿತ್ತು. ಕಡಲ ಕಡೆಗೆ ಓಡುವವರು ಈ ದಾರಿಯಲ್ಲೇ ಹೋಗುವುದು. ಮೆಲ್ಚೋರ್ ನೀರು ಕುಡಿಸಲು ಹೇಸರಗತ್ತೆಗಳನ್ನು ಹಿಡಿದುಕೊಂಡು ಹೋದ. ನಾನು ಮೂಲೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದೆ.

"ಏನಿದೆಯಮ್ಮಾ ತಿನ್ನೋಕೆ?" ಎಂದ ಅಧಿಕಾರಿ.

"ಸಾರು. ಹಿಮಕ್ಕೆ ಒಣಗಿಸಿದ ಕರಿ ಆಲೂಗಡ್ಡೆ, ಒಣಮಾಂಸ."

"ನನಗೆ ಮಾಂಸ ಬೇಡ, ಹಲ್ಲಿಲ್ಲ," ಎಂದ ಮುದುಕ. "ಖಾರ ಇದ್ರೆ ಸಾಕು."

ಅತ್ತೆಯ ಕೈಯ ಸೌಟು ನಿಂತಿತು. ಮುಖದಿಂದ ಗುರುತು ಸಿಗಲಿಲ್ಲವಂತೆ, ದನಿಯಿಂದ ಸಿಕ್ಕಿತು.

"ಮಡಕೆ ನೀವೇ ಇಳಿಸ್ಕೊಳ್ಳಿ, ದೊರೆ."

ಮುದುಕ ತಲೆಯೆತ್ತಿದ. "ಓಹೋ, ದಂಡಿನವಳು! ಯಾರ ದಂಡು ನಿಂದು?"

"ನಿಮ್ದೇ."

ಅವನು ಸಂತೋಷದಿಂದಲೇ ಎದ್ದ. ಕಂಬಳಿಯ ತುದಿಯಿಂದ ಹಿಡಿದು ಮಡಕೆ ಇಳಿಸಿದ. ಸಾರು ಸ್ವಲ್ಪ ಚೆಲ್ಲಿತು. "ಎಲ್ಲೀವರೆಗೂ ಬಂದಿದ್ದೆ ನನ್ನ ಜೊತೆ?"

"ಉಪ್ಪಾಲ್ಯಾವರೆಗೂ. ಒಲೆ ಹೂಡಿ ಕಾದ್ವಿ. ನೀವು ಬರಲಿಲ್ಲ."

"ಉಪ್ಪಾಲ್ಯಾ!" ಅವನು ತೊಡೆ ತಟ್ಟಿಕೊಂಡು ಅಧಿಕಾರಿಯ ಕಡೆ ತಿರುಗಿದ. "ಕೇಳಯ್ಯಾ, ಇದನ್ನ ನಿನಗೆ ಶಾಲೇಲಿ ಕಲಿಸಿರಲ್ಲ. ಶತ್ರು ಗುಡ್ಡದ ಮೇಲೆ ದುರ್ಬೀನು ಹಿಡ್ಕೊಂಡು ಕೂತಿದ್ದ. ಹೆಂಗಸ್ರು ಹೋದ ಕಡೆ ದಂಡು ಹೋಗುತ್ತೆ ಅಂತ ಈ ದೇಶದಲ್ಲಿ ಕುರಿಮರಿಗೂ ಗೊತ್ತು. ಸರಿ, ಹೆಂಗಸರನ್ನ ಮುಂದೆ ಕಳಿಸ್ದೆ. ಇನ್ನೂರು ಒಲೆ, ಹಸಿ ಸೌದೆ, ಆಕಾಶದ ತುಂಬ ಹೊಗೆ! ದಂಡನ್ನ ಉಪ್ಪಿನ ದಾರೀಲಿ ತಿರುಗಿಸ್ಕೊಂಡು ಹೋದೆ. ಮೂರು ದಿನ ಆ ಮುಠ್ಠಾಳ ಹೊಗೆ ನೋಡ್ತಾ ಕೂತಿದ್ದ."

"ಹೆಂಗಸರಿಗೆ ಹೇಳಿರಲಿಲ್ವಾ, ಸರ್?"

"ಹೇಳಿದ್ರೆ ಒಲೆ ಹಚ್ತಿದ್ರಾ?"

ಅತ್ತೆ ಅವನ ಬಟ್ಟಲಿಗೆ ಸಾರು ಬಡಿಸಿದರು. "ದಂಡೆಲ್ಲಾ ಉಪ್ಪಿನ ದಾರೀಲಿ ಬಂತಾ, ದೊರೆ?"

"ಎಲ್ಲಾ ಹೇಗೆ ಬರುತ್ತೆ? ನೋಡೋನಿಗೆ ನಿಜ ಅನ್ನಿಸ್ಬೇಕಲ್ಲ. ಹೊಳೆ ದಾಟೋ ಜಾಗದಲ್ಲಿ ಒಂದು ತುಕಡಿ ಬಿಟ್ಟೆ."

"ಯಾವುದು?"

"ಮೂರನೇದು."

ಮಗು ಮೊಲೆ ಬಿಟ್ಟು ನನ್ನ ಮುಖ ನೋಡಿತು. ನಾನು ಅದನ್ನು ಮತ್ತೆ ಎದೆಗೆ ಹಚ್ಚಿದೆ.

"ಅವರೇನಾದ್ರು?"

"ಆಮೇಲೆ ಸವಾರನ್ನ ಕಳಿಸಿ ಎಣಿಸ್ದೆ. ಅರವತ್ತೆರಡು ಜನರನ್ನ ಬಿಟ್ಟಿದ್ದೆ. ಅರವತ್ತೆರಡೂ ಅಲ್ಲೇ ಇದ್ರು. ಹೊಳೆ ಮರಳಲ್ಲೇ ಹೂಳಿಸ್ದೆ." ಅವನು ಚಮಚ ನೆಕ್ಕಿದ. "ಇನ್ನೊಂದು ಸೌಟು ಇದೆಯಾ? ಕೈ ಚೆನ್ನಾಗಿದೆ ನಿಂದು."

ಅತ್ತೆ ಬಡಿಸಿದರು. ಅಧಿಕಾರಿ ತನ್ನ ಬಟ್ಟಲು ಮುಟ್ಟಿರಲಿಲ್ಲ. ಅತ್ತೆಯನ್ನೇ ನೋಡುತ್ತಿದ್ದ. "ನಿಮ್ಮೋರು ಯಾವ ತುಕಡೀಲಿದ್ರು, ಅಮ್ಮಾ?"

"ಮೂರನೇದು. ಇಲಾರಿಯೋನ್ ಚೋಕೆ."

ಮುದುಕ ಕಣ್ಣು ಮುಚ್ಚಿಕೊಂಡ. ನೆನಪು ಮಾಡಿಕೊಳ್ಳುತ್ತಿದ್ದನೋ, ಆಯಾಸವೋ. "ನೆನಪಿಲ್ಲ ಕಣಮ್ಮಾ," ಎಂದ ಕೊನೆಗೆ. "ಧೈರ್ಯವಾಗಿ ಸತ್ತ ಅಂತ ಹೇಳ್ಬಹುದು. ಎಲ್ಲರ ಹೆಂಡ್ತೀರಿಗೂ ಹಾಗೇ ಹೇಳಿದ್ದೀನಿ."

"ಬೇಡಿ. ಸತ್ತ ಅಂತ ಹೇಳಿದ್ರಲ್ಲ, ಸಾಕು. ಆರಿ ಹೋಗುತ್ತೆ, ಕುಡೀರಿ."

ಅವನು ಕುಡಿದ. ಅವರು ಹೋದ ಮೇಲೆ ಅತ್ತೆ ಎರಡೂ ಬಟ್ಟಲು ತೊಳೆದರು. ಅಧಿಕಾರಿ ಉಣ್ಣದೆ ಬಿಟ್ಟಿದ್ದನ್ನು ಕೋಳಿಗಳಿಗೆ ಹಾಕಿದರು. ನಾನು ಏನಾದರೂ ಹೇಳಬೇಕೆಂದುಕೊಂಡೆ. ಬಂದ ಮಾತು ಇಷ್ಟೇ: "ಕೋಪ ಬರಲಿಲ್ವಾ, ಅತ್ತೆ?"

"ಆ ಸಾರ್ಜೆಂಟ್ ಹಸಿ ಸೌದೆ ಯಾಕೆ ಕೊಟ್ಟ ಅಂತ ಆವತ್ತೇ ಕೇಳ್ಬೇಕಿತ್ತು." ಬಟ್ಟಲು ಬೋರಲು ಹಾಕಿದರು. "ಕೇಳಲಿಲ್ಲ. ಕಡಿಯೋ ಕೆಲ್ಸ ಉಳೀತು ಅಂತ ಖುಷಿಯಾಗಿತ್ತು ನನಗೆ."

ಮೆಲ್ಚೋರ್‌ಗೆ ನಾನೇ ಹೇಳಿದೆ. ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. "ಅವ್ವಾ, ಅಳು ಬಂದ್ರೆ ಅತ್ತುಬಿಡು."

"ಬರ್ತಿಲ್ಲ. ಹಿಟ್ಟು ಎಷ್ಟಿದೆ ನೋಡು."

ಮರುದಿನ ಹಿಟ್ಟು ಹೊತ್ತುಕೊಂಡು ಅತ್ತೆಯೂ ನಾನೂ ಬಾಸಿಲಿಯಾ ಹತ್ತಿರ ಹೋದೆವು. ಅತ್ತೆ, "ಒಂದು ಬೊಂಬೆ, ಗಂಡಸಿಂದು," ಎಂದರು. ಬಾಸಿಲಿಯಾ ನನ್ನ ಕಡೆ ನೋಡಿದಳು. ಕೈಗೆ ಹಿಟ್ಟು ಸವರಿಕೊಂಡು ಮೆಲ್ಲಗೆ ಕೇಳಿದಳು:

"ಮುಖ ಹೇಗೆ ಮಾಡ್ಲಿ ಅಕ್ಕಾ? ಮೀಸೆ ಇತ್ತಾ?"

ಅತ್ತೆ ಗೂಡೊಲೆಯ ಬೂದಿ ಎಳೆದು ಹಾಕಿದರು.

"ಗೊತ್ತಾಗ್ತಿಲ್ಲ. ಮೆಲ್ಚೋರನ ಮುಖ ಮಾಡು. ಸತ್ತಾಗ ಅಷ್ಟೇ ವಯಸ್ಸಿರ್ಬೇಕು ಅವನಿಗೆ."

ಒಂದನೇ ತಾರೀಕು ಮೇಜಿಗೆ ಕಪ್ಪು ಬಟ್ಟೆ ಹಾಸಿ ಬೊಂಬೆ ಇಟ್ಟೆವು. ಕೋಕಾ ಎಲೆ, ಒಂದು ಹಿಡಿ ಉಪ್ಪು, ಒಂದು ಲೋಟ ಚಿಚಾ, ಮುಸುಕಿನ ಜೋಳದ ಹೆಂಡ. ಸಾರು ಮಾತ್ರ ಮೇಜಿಗೆ ಬರಲಿಲ್ಲ. ಒಲೆಯ ಮೇಲೇ ಇತ್ತು, ಖಾರ ಜಾಸ್ತಿ ಹಾಕಿದ್ದು. ಸಣ್ಣ ಉರಿ. ಆಗಾಗ ಅತ್ತೆ ನೀರು ಹಾಕುತ್ತಿದ್ದರು. ಮರುದಿನ ಬೆಳಿಗ್ಗೆಯೂ ಹಾಗೇ. ಎಂದಿನಂತೆ ಊಟ ಬಿಟ್ಟಿದ್ದರು.

ಎರಡರ ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯಿತು. ಅದು ಸತ್ತವರು ಹೊರಡುವ ಹೊತ್ತು. ಮೆಲ್ಚೋರ್ ವಾಡಿಕೆಯಂತೆ ಮಡಕೆಗೆ ಕೈ ಹಾಕಲು ಬಗ್ಗಿದ.

"ನೀನಲ್ಲ," ಎಂದರು ಅತ್ತೆ.

ಹೆಗಲ ಮೇಲಿನ ಬಟ್ಟೆ ಎರಡು ಕೈಗೂ ಸುತ್ತಿಕೊಂಡು ಅವರೇ ಮಡಕೆ ಇಳಿಸಿ ನೆಲದ ಮೇಲೆ ಇಟ್ಟರು. ಒಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಬೂದಿ ಎಳೆದು ಕೆಂಡ ಮುಚ್ಚಿದರು.

ನಾನು ಮಗುವನ್ನು ಎತ್ತಿಕೊಂಡು ನಿಂತೇ ಇದ್ದೆ. ಅತ್ತೆ ಎರಡು ಬಟ್ಟಲು ತುಂಬಿಸಿ ಒಂದನ್ನು ನನ್ನ ಕಡೆ ಸರಿಸಿದರು.

"ಬಾ, ಕೂತ್ಕೋ. ಹಾಲು ಕುಡಿಸೋಳು ನೀನು."

ಇನ್ನೊಂದನ್ನು ತಾವು ಉಂಡರು.