ರೋಗಿ ಇಲ್ಲದೆ ಮಂಗಳೂರಿಗೆ

ಸಿದ್ದಾಪುರ ತಾಲೂಕಿನ ನಿಲ್ಕುಂದದಲ್ಲಿ ಯಾರಾದರೂ ಮಂಗಳೂರಿಗೆ ಹೊರಟರೆ ಊರವರು ಕೇಳುವುದು ಒಂದೇ ಪ್ರಶ್ನೆ: ಯಾರಿಗೆ ಎಂತ ಆತು? ಜ್ವರಕ್ಕೆ ಸಿದ್ದಾಪುರ ಸಾಕು, ಹೆರಿಗೆಗೆ ಶಿರಸಿ ಇದೆ. ಅದಕ್ಕೂ ಮೀರಿದ್ದು ಬಂದರೆ ಘಟ್ಟ ಇಳಿಯಬೇಕು. ಹಾಗೆ ಇಳಿಯುವವರ ಜೊತೆಗೆ ಹೋಗುವವಳು ರೋಹಿಣಿ.

ನಲವತ್ತು ದಾಟಿದ ರೋಹಿಣಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮಾವನ ಕಿಡ್ನಿ ಕೆಟ್ಟಾಗ ಮೊದಲ ಸಲ ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದಳು. ಗಂಡ ಗಣಪನಿಗೆ ಆಸ್ಪತ್ರೆಯ ವಾಸನೆ ಆಗದು. ಅವನು ಗೇಟಿನ ಹೊರಗೇ ಉಳಿದ. ಮಾವ ತೀರಿಕೊಂಡ ಮೇಲೂ ಅವಳ ಓಡಾಟ ನಿಲ್ಲಲಿಲ್ಲ. ಪಕ್ಕದ ಮನೆಯವರ ಹೃದಯ, ನಾದಿನಿಯ ಗರ್ಭಕೋಶ, ಯಾರದೋ ಮಗುವಿನ ಕಿವಿ. “ನಿಂಗೆ ಹ್ಯಾಂಗೂ ಆ ಊರು ಗೊತ್ತು” ಎನ್ನುತ್ತ ಬರುತ್ತಾರೆ. ಚಾಪೆ, ಫ್ಲಾಸ್ಕು, ಎರಡು ಸೀರೆ ಹಾಕಿದ ಚೀಲ ಅಟ್ಟದ ಮೇಲೆ ಸದಾ ಸಿದ್ಧವಿರುತ್ತದೆ.

ಹೆದರಿದ ರೋಗಿಗಳನ್ನು ಬಸ್ಸು ಹತ್ತಿಸಲು ಅವಳದೊಂದು ಉಪಾಯವಿತ್ತು. “ಆಸ್ಪತ್ರೆಗಲ್ಲ, ಸುಮ್ನೆ ಸಮುದ್ರ ನೋಡ್ಕಂಡು ಬರೂಣ ಬನ್ನಿ” ಎನ್ನುತ್ತಿದ್ದಳು. ಮಾವನನ್ನೂ ಕೊನೆಯ ಸಲ ಕರೆದೊಯ್ದದ್ದು ಹಾಗೆಯೇ. ಅವರಾಗಲಿ, ಅವಳಾಗಲಿ ಸಮುದ್ರದ ದಡಕ್ಕೆ ಹೋಗಲಿಲ್ಲ. ಬಸ್‌ಸ್ಟ್ಯಾಂಡು, ಆಸ್ಪತ್ರೆ, ಔಷಧಿ ಅಂಗಡಿ, ಎದುರಿಗೆ ಗಂಜಿ ಸಿಗುವ ಹೋಟೆಲು. ಮಂಗಳೂರೆಂದರೆ ಅವಳಿಗೆ ಇಷ್ಟೇ.

ಶಿರಸಿಯ ಫಿರ್ದೌಸ್ ಸಿಕ್ಕಿದ್ದು ಅಲ್ಲೇ, ಡಯಾಲಿಸಿಸ್ ವಾರ್ಡಿನ ಹೊರಗಿನ ಕುರ್ಚಿಗಳ ಸಾಲಿನಲ್ಲಿ. ಅವಳು ತಾಯಿಯನ್ನು ಕರೆತರುತ್ತಿದ್ದಳು. ಒಬ್ಬಳು ಊಟಕ್ಕೆ ಹೋದರೆ ಇನ್ನೊಬ್ಬಳು ಇಬ್ಬರು ರೋಗಿಗಳನ್ನೂ ನೋಡಿಕೊಳ್ಳುತ್ತಿದ್ದಳು. ಕಳೆದ ಮಳೆಗಾಲ ಆ ತಾಯಿ ಹೋದರು. ಮಾತಾಡಿಸಲು ಶಿರಸಿಗೆ ಹೋದ ರೋಹಿಣಿಯನ್ನು ಬಾಗಿಲವರೆಗೆ ಕಳಿಸಲು ಬಂದ ಫಿರ್ದೌಸ್ ಕೇಳಿದಳು:

“ರೋಹಿಣಕ್ಕ, ಇನ್ನು ನಾವು ಭೇಟಿ ಆಗೋದಾದ್ರೂ ಎಲ್ಲಿ? ನನ್ನ ಕಡೆ ರೋಗಿ ಖಾಲಿ.”

“ಥೂ, ಬಾಯಲ್ಲಿ ಒಳ್ಳೇದು ಬರೂದಿಲ್ಲನೆ ನಿಂಗೆ!”

“ಒಂದ್ಸಲ ನಾವಿಬ್ರೇ ಹೋಗೋಣ. ಶನಿವಾರ, ಭಾನುವಾರ. ರೋಗಿ ಬೇಡ, ಫೈಲ್ ಬೇಡ. ಮನುಷ್ಯರ ಹಾಗೆ ಹೋಗಿ ಬರೋಣ.”

ಅಂದಿನಿಂದ ಯೋಜನೆ ಫೋನಿನಲ್ಲಿ ಬೆಳೆಯಿತು. ಶಾಲೆಯ ಒಲೆ ಆರಿದ ಮೇಲೆ ರೋಹಿಣಿ ಅಡುಗೆ ಕೋಣೆಯ ಮೆಟ್ಟಿಲಲ್ಲಿ ಕೂತು ಮಾತಾಡುತ್ತಿದ್ದಳು. ಶಿರಸಿಯಿಂದ ಬೆಳಗಿನ ಬಸ್ಸು. ಬಲಗಡೆಯ ಸೀಟು, ಮರವಂತೆಯಲ್ಲಿ ಸಮುದ್ರ ಆ ಕಡೆಗೇ ಕಾಣುವುದು. ರೂಮು ಆಂಬುಲೆನ್ಸಿನ ಸದ್ದು ಕೇಳದ ಕಡೆ ಇರಬೇಕು. ಸಂಜೆ ಪಣಂಬೂರಿನ ಕಡಲತೀರ. ಆಸ್ಪತ್ರೆಗೆ ಹೋಗುವ ಬಸ್ಸಿನಿಂದ ಪ್ರತಿ ಸಲ ಕಾಣುತ್ತಿದ್ದ ಐಸ್‌ಕ್ರೀಂ ಅಂಗಡಿಯಲ್ಲಿ ಕೂತು ಉದ್ದ ಗ್ಲಾಸಿನ ಗಡ್‌ಬಡ್. ಭಾನುವಾರ ದೊಡ್ಡ ಮಾಲು, ಅಲ್ಲಿ ತಾನಾಗಿಯೇ ಮೇಲೇರುವ ಮೆಟ್ಟಿಲು. “ಲಿಫ್ಟು ಬೇಡ ಮಾರಾಯ್ತಿ, ಲಿಫ್ಟು ಕಂಡ್ರೆ ಸ್ಟ್ರೆಚರ್ ನೆನಪಾಗ್ತದೆ” ಎಂದಳು ರೋಹಿಣಿ. ಫಿರ್ದೌಸ್ ಶಿರಸಿ ಪೇಟೆಯಲ್ಲಿ ಒಂದೇ ಥರದ ಎರಡು ಬಟ್ಟೆ ಟೋಪಿ ಕೊಂಡು, ಒಂದನ್ನು ಬಸ್ಸಿನ ಕಂಡಕ್ಟರನ ಕೈಲಿ ನಿಲ್ಕುಂದಕ್ಕೆ ಕಳಿಸಿದಳು.

ಮನೆಯಲ್ಲಿ ಹೇಳುವುದೊಂದು ಬಾಕಿ ಇತ್ತು. ಗಣಪ ಊಟಕ್ಕೆ ಕೂತಾಗ ಹೇಳಿದಳು.

“ನಾ ಬರೂ ಶನಿವಾರ ಮಂಗಳೂರಿಗೆ ಹೋಗ್ತೆ.”

“ಯಾರಿಗೆ ಎಂತ ಆತು?”

“ಯಾರಿಗೂ ಎಂತೂ ಆಗಿಲ್ಲ. ಸುಮ್ನೆ. ಸಮುದ್ರ ನೋಡ್ಕಂಡು ಬರೂಕೆ.”

ಗಣಪನ ಕೈ ತಟ್ಟೆಯಲ್ಲೇ ನಿಂತಿತು. ಅವನು ಅರ್ಧಕ್ಕೇ ಎದ್ದು ಕೈ ತೊಳೆದ. ಸ್ವಲ್ಪ ಹೊತ್ತಿಗೆ ಅತ್ತೆ ದುರ್ಗಮ್ಮ ಅಡುಗೆ ಮನೆಗೆ ಬಂದು ಬಾಗಿಲು ಮುಂದೆ ಮಾಡಿದರು.

“ತಂಗಿ, ನನ್ನ ಹತ್ರ ಮುಚ್ಚಿಡಬೇಡ. ಎದೇಲಿ ಗಂಟೇನಾದ್ರೂ ಸಿಕ್ಕೈತನ?”

“ಎಂತದೂ ಇಲ್ಲ ಅತ್ತೆ, ನಿಮ್ಮಾಣೆ.”

“ಆಣೆ ಹಾಕಬೇಡ. ನಿನ್ ಮಾವಂಗೂ ನೀ ಹಿಂಗೇ ಆಣೆ ಹಾಕಿದ್ದೆ.”

ಮರುದಿನದ ಹೊತ್ತಿಗೆ ಊರಿಗೆ ತಿಳಿದಿತ್ತು. ಸಮುದ್ರ ನೋಡುವುದೆಂದರೆ ಏನೆಂದು ಅಲ್ಲಿ ಎಲ್ಲರಿಗೂ ಗೊತ್ತು, ಕಲಿಸಿದವಳು ರೋಹಿಣಿಯೇ. ಜೊತೆಗೆ ಅಡುಗೆ ಮಾಡುವ ದೇವಕ್ಕ ಅನ್ನದ ಪಾತ್ರೆಯನ್ನು ಅವಳ ಕೈಯಿಂದ ಕಿತ್ತುಕೊಂಡಳು: “ನೀ ಭಾರ ಎತ್ತಬೇಡ ಮಾರಾಯ್ತಿ.” ಹೆಂಗಸರು ಹಾಲು, ಮೊಟ್ಟೆ ತಂದು ಇಟ್ಟು ಮುಖ ನೋಡದೆ ಹೋದರು. ಗಣಪ ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ಹಂಡೆಗೆ ಬೆಂಕಿ ಹಾಕಿದ. ಮದುವೆಯಾದ ಮೇಲೆ ಅವಳ ಸ್ನಾನದ ನೀರನ್ನು ಬೇರೆಯವರು ಕಾಯಿಸಿದ್ದು ಅದೇ ಮೊದಲು. ಅವಳು ಹೆಚ್ಚು ಬಿಸಿಯಿದ್ದ ಆ ನೀರನ್ನು ತಣ್ಣೀರು ಬೆರೆಸದೆ ಹಾಗೆಯೇ ಮೈಮೇಲೆ ಹೊಯ್ದುಕೊಂಡಳು.

ಇಲ್ಲ, ಇಲ್ಲ ಎಂದಷ್ಟೂ ಅವರಿಗೆ ಖಾತ್ರಿಯಾಯಿತು. ಶುಕ್ರವಾರ ಗಣಪನೇ ಅಟ್ಟದಿಂದ ಚೀಲ ಇಳಿಸಿದ. “ಡಾಕ್ಟರಿಗೆ ಫೋನು ಮಾಡಿಸಿ ಆಗೈತೆ. ನಾನೂ ಬತ್ತೆ. ಈ ಸಲ ಗೇಟಿನ ಹೊರಗೆ ನಿಲ್ಲೂದಿಲ್ಲ.” ಅವನ ಕಣ್ಣು ಕೆಂಪಾಗಿತ್ತು. ಅವಳಿಗೆ ಬೈಯಲೂ ಆಗಲಿಲ್ಲ.

ಫಿರ್ದೌಸಳಿಗೆ ಫೋನು ಮಾಡಿದಳು.

“ಹಾಗಾದ್ರೆ ನಾನು ಬರ್ಲೋ, ಬೇಡ್ವೋ?”

“ಬಾರೆ. ಆ ಕುರ್ಚಿ ಮೇಲೆ ನನ್ನ ಕಡೆಯವರು ಅಂತ ಒಬ್ರು ಬೇಡ್ವ?”

ಶಿರಸಿಯಲ್ಲಿ ಫಿರ್ದೌಸ್ ಜೊತೆಯಾದಳು. ಬಸ್ಸಿನಲ್ಲಿ ಬಲಗಡೆಯ ಸೀಟು ಸಿಕ್ಕಿತು. ಘಟ್ಟದಲ್ಲಿ ಹೊಟ್ಟೆ ತೊಳಸುತ್ತದೆಂದು ಗಣಪ ಕಿಟಕಿಗೆ ಕೂತ. ಮರವಂತೆ ಬಂದಾಗ ಅವನು ಬೆಳಕಿಗೆ ಪರದೆ ಎಳೆದು, ಅದಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದ. ರೋಹಿಣಿ ಅವನನ್ನು ಎಬ್ಬಿಸಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲವೂ ಹಿಂದಿನಂತೆಯೇ ಇತ್ತು, ಕರೆದ ಹೆಸರು ಮಾತ್ರ ಅವಳದು. ರಕ್ತ ಕೊಟ್ಟಳು, ಸ್ಕ್ಯಾನಿಂಗಿಗೆ ಮಲಗಿದಳು. ಹೊರಗೆ ಅದೇ ಸಾಲಿನಲ್ಲಿ ಫಿರ್ದೌಸ್ ಟೋಪಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಕಾದಳು. ಸಂಜೆಯಾಗುವ ಹೊತ್ತಿಗೆ ಡಾಕ್ಟರು ಎಲ್ಲ ನೋಡಿ, ಏನೂ ಇಲ್ಲ, ಆರಾಮವಾಗಿ ಹೋಗಿ ಎಂದರು. ಗಣಪ ಅವರಿಗೆ ಮತ್ತೆ ಮತ್ತೆ ಕೈ ಮುಗಿದ. ಆ ಸಂತೋಷ ಮೆಟ್ಟಿಲು ಇಳಿಯುವವರೆಗೆ ಇತ್ತು.

“ಎಂತದೂ ಇಲ್ಲ ಅಂದ್ಮೇಲೆ ಎಂತಕ್ಕೆ ಬಂದದ್ದು?”

“ಅದನ್ನೇ ಒಂದು ವಾರದಿಂದ ಹೇಳ್ತಾ ಇದ್ದೆ” ಎಂದಳು ರೋಹಿಣಿ. “ಹ್ಯಾಂಗೂ ಬಂದಾಯ್ತು. ಸಮುದ್ರ ನೋಡ್ಕಂಡು ಹೋಗೂಣ.”

“ಸಮುದ್ರ ಕುಮಟೇಲೂ ಐತೆ.”

“ಅದು ನಂಗೂ ಗೊತ್ತು. ನಾ ಕೇಳಿದ್ದು ಈ ಊರು.”

“ಎಂತ ಐತೆ ಈ ಊರಲ್ಲಿ? ನೀ ನೋಡದೆ ಇದ್ದದ್ದು ಎಂತ ಐತೆ?” ಗಣಪ ರಿಕ್ಷಾಕ್ಕೆ ಕೈ ಮಾಡಿದ. ಬಸ್‌ಸ್ಟ್ಯಾಂಡಿಗೆ.

ರಿಕ್ಷಾ ಐಸ್‌ಕ್ರೀಂ ಅಂಗಡಿಯ ಮುಂದೆಯೇ ಹೋಯಿತು. ಬೇಕಾದರೆ ನೀನು ಉಳಿದುಕೋ ಎಂದು ರೋಹಿಣಿ ಪಿಸುಗುಟ್ಟಿದಾಗ ಫಿರ್ದೌಸ್ ಹೊರಗೇ ನೋಡುತ್ತ ಹೇಳಿದಳು: “ಒಬ್ಳೇ ಗಡ್‌ಬಡ್ ತಿನ್ನೋಕೆ ಬಂದಿಲ್ಲ ನಾನು.”

ಊರಿಗೆ ಬಂದಾಗ ದುರ್ಗಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮರುದಿನ ಬೆಳಿಗ್ಗೆ, “ಊರೆಲ್ಲ ನಗೂ ಹಾಂಗೆ ಮಾಡಿದೆಯಲೆ” ಎಂದರು. ಹಂಡೆಯ ಕೆಳಗೆ ಬೂದಿ ತಣ್ಣಗಿತ್ತು. ಹಾಲು ಕೊಟ್ಟವರು ಪಾತ್ರೆ ವಾಪಸು ಕೇಳಿದರು. ಶಾಲೆಯಲ್ಲಿ ಅನ್ನದ ಪಾತ್ರೆಯನ್ನು ದೇವಕ್ಕ ಅವಳ ಕಡೆಗೆ ಬಿಟ್ಟು ಸಾರಿನ ಒಲೆಗೆ ಹೋದಳು. ಸಾಯುವವಳಿಗೆ ಕೊಟ್ಟದ್ದನ್ನು ಬದುಕಿರುವವಳು ಮೋಸದಿಂದ ಪಡೆದಳು ಎಂಬಂತಿತ್ತು ಎಲ್ಲರ ಮುಖ.

ತಿಂಗಳು ಕಳೆದಿರಲಿಲ್ಲ, ದೇವಕ್ಕನ ಅಣ್ಣನಿಗೆ ಪಿತ್ತಕೋಶದಲ್ಲಿ ಕಲ್ಲು ಎಂದು ಗೊತ್ತಾಯಿತು. ರೋಹಿಣಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ದೇವಕ್ಕ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

“ಆಪರೇಶನ್ ಅಂದ್ರೆ ಹೊರಡೂದಿಲ್ಲ ಅಂತ ಹಟ ಹಿಡಿದಾನೆ. ಸಮುದ್ರ ನೋಡೂಕೆ ಅಂತ ಹೇಳಿ ನೀನೇ ಕರ್ಕಂಡು ಹೋಗೆ. ನಿಂಗೆ ಹ್ಯಾಂಗೂ ಆ ಊರು ಗೊತ್ತು.”

ರೋಹಿಣಿ ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಡಿದಳು.

“ಮಂಗಳೂರು ನಂಗೆ ಗೊತ್ತಿಲ್ಲ ದೇವಕ್ಕ.”

ರೋಹಿಣಿ ನಗುತ್ತಾಳೇನೋ ಎಂದು ದೇವಕ್ಕ ಅವಳ ಮುಖ ನೋಡಿದಳು, ಆಮೇಲೆ ಸೆರಗು ಕೊಡವಿ ಎದ್ದು ಹೋದಳು. ರೋಹಿಣಿಗೆ ಸೊಕ್ಕು ಬಂದಿದೆ ಎಂಬ ಮಾತು ಸಂಜೆಯೊಳಗೆ ಊರು ಸುತ್ತಿತು. ಈ ಸಲ ಅವಳು ಯಾರ ಹತ್ತಿರವೂ “ಇಲ್ಲ, ಇಲ್ಲ” ಎನ್ನಲಿಲ್ಲ.