ತಂಗಿಗೆ ಬಡಿಸಿದ ಎಲೆ

ನನ್ನ ತಂಗಿಗೆ ಅಮ್ಮ ಗಂಡು ಹುಡುಕುತ್ತಿದ್ದ ವರ್ಷ ನಾನು ಒಂದು ಸತ್ತ ನಕ್ಷತ್ರದ ಲೆಕ್ಕದಲ್ಲಿ ತಲೆ ಕೆಡಿಸಿಕೊಂಡಿದ್ದೆ. ತಂಗಿಯೂ ಸತ್ತವಳೇ. ನಾವು ಅವಳಿ ಮಕ್ಕಳು. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳೊಬ್ಬಳು ಹೋದಳು. ನಮ್ಮ ಕಡೆ ಎಳವೆಯಲ್ಲಿ ಹೋದ ಮಕ್ಕಳಿಗೂ ಮದುವೆ ಉಂಟು. ಹಾಗೆಯೇ ಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಬೇಕು. ಅದಾಗುವ ತನಕ ಹಬ್ಬದ ದಿನ ಅವರಿಗೆ ಊಟದ ಎಲೆ ಹಾಕುವುದು ಹುಟ್ಟಿದ ಮನೆಯಲ್ಲೇ. ನಮ್ಮಲ್ಲಿ ಅವಳ ಎಲೆ ನನ್ನ ಎಲೆಯ ಪಕ್ಕದಲ್ಲಿರುತ್ತಿತ್ತು. ಮುಖ ನೆನಪಿಲ್ಲದ ನನಗೆ ತಂಗಿಯೆಂದರೆ ಆ ಎಲೆಯೇ.

ನಾನು ಪುತ್ತೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಕ್ಷತ್ರಗಳಿಂದ ಬರುವ ಎಕ್ಸ್-ಕಿರಣಗಳನ್ನು ನಮ್ಮ ಗಾಳಿ ಕೆಳಗೆ ಬಿಡುವುದಿಲ್ಲ. ಅವುಗಳನ್ನು ಹಿಡಿಯಲು ದೂರದರ್ಶಕವೇ ಬಾಹ್ಯಾಕಾಶಕ್ಕೆ ಹೋಗಬೇಕು. ಅದು ಕಳಿಸಿದ ದತ್ತಾಂಶವನ್ನು ಇಳಿಸಿಕೊಂಡು ಪಲ್ಸಾರ್‌ಗಳೆಂಬ ಸತ್ತ ನಕ್ಷತ್ರಗಳ ಮಿಡಿತ ಹುಡುಕುವುದು ನನ್ನ ಬಿಡುವಿನ ಕೆಲಸ. ಒಂದು ಭಾನುವಾರ ಅಮ್ಮ ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕೇಳಿದಳು, "ಎಂತ ಉಂಟು ಅದ್ರಲ್ಲಿ, ದಿನಾ ನೋಡ್ಲಿಕ್ಕೆ?"

"ಇದು ಸತ್ತ ನಕ್ಷತ್ರ ಅಮ್ಮ. ತಣ್ಣಗಾಗಿ ನಿಧಾನ ಆಗಿತ್ತು. ಜೊತೆಯ ನಕ್ಷತ್ರ ತನ್ನದನ್ನೇ ಇದಕ್ಕೆ ಸುರಿದು ಪುನಃ ತಿರುಗಿಸಿತು. ಈಗ ಸೆಕೆಂಡಿಗೆ ನೂರಾರು ಸುತ್ತು."

"ಆ ಜೊತೆ ಕಾಣ್ತದಾ?"

"ಇಲ್ಲ. ಇದರ ಮಿಡಿತ ಒಮ್ಮೆ ಬೇಗ ಬರುದು, ಒಮ್ಮೆ ತಡ ಆಗುದು. ಅದ್ರಿಂದ ಪಕ್ಕದಲ್ಲಿ ಯಾರೋ ಉಂಟು ಅಂತ ಗೊತ್ತಾಗುದು."

ಅಮ್ಮ ಇನ್ನೊಂದು ಬೀನ್ಸ್ ಎತ್ತಿಕೊಂಡಳು. "ಸತ್ತದ್ದಕ್ಕೂ ಜೊತೆ ಉಂಟು. ನಮ್ಮ ಹುಡುಗಿಗೆ ಮಾತ್ರ ಇಲ್ಲ."

ಆಲಂಕಾರಿನ ಕಡೆಯ ಒಂದು ಸಂಬಂಧ ಕೂಡಿಬಂದದ್ದು ಕೊನೆ ಗಳಿಗೆಯಲ್ಲಿ ಮುರಿದಿತ್ತು. ಎರಡೂ ಮನೆಯದ್ದು ಒಂದೇ ಬರಿ, ಅಂದರೆ ಒಂದೇ ಕುಲ. ಸತ್ತವರಿಗೂ ಅದು ಆಗುವುದಿಲ್ಲ. ಅಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೆರೆಮನೆಯಾಕೆ ಬಂದು, "ಮೊದಲು ಉಳಿದವಳದ್ದು ನೋಡಿ ಮಾರಾಯ್ರೆ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಮಾತ್ರ ತಣ್ಣಗೆ, "ಇವಳಿಗೆ ನಾನುಂಟು. ಅವಳಿಗೆ ಯಾರುಂಟು?" ಅಂದಳು.

ಕೊನೆಗೆ ಕಡಬದ ಕಡೆ ಒಬ್ಬ ಹುಡುಗ ಸಿಕ್ಕಿದ. ಆರು ವರ್ಷದವನಿದ್ದಾಗ ತೋಡಿನ ನೀರಿಗೆ ಬಿದ್ದು ಹೋದವನು.

ಇತ್ತ ನನ್ನ ನಕ್ಷತ್ರದ ಮಿಡಿತ ತಿಂಗಳುಗಟ್ಟಲೆ ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಜೊತೆಯ ಸುತ್ತ ಅದು ಓಡಾಡುವುದನ್ನು ಲೆಕ್ಕದಿಂದ ಕಳೆಯಬೇಕು, ಇಲ್ಲದಿದ್ದರೆ ಮಿಡಿತವೆಲ್ಲ ಕಲಸಿಹೋಗುತ್ತದೆ. ನಾನು ಅಷ್ಟು ದಿನ ಹಾಕಿದ್ದು ಹಳೆಯ ಪ್ರಬಂಧವೊಂದು ಕೊಟ್ಟ ಸುತ್ತಿನ ಅವಧಿ, ಅದು ಸರಿಯಿರಲಿಲ್ಲ. ಹೊಸದನ್ನು ಹಾಕಿದ ಕೂಡಲೇ ಪರದೆಯ ಮೇಲೆ ಮಿಡಿತ ಎದ್ದು ನಿಂತಿತು. ಅದು ಮದುವೆಯ ಹಿಂದಿನ ದಿನ. ಓಡಿಹೋಗಿ ಅಮ್ಮನಿಗೆ ಹೇಳಿದೆ. "ಒಳ್ಳೆದಾಯ್ತು, ಇದನ್ನು ಹಿಡಿ" ಎಂದು ಅವಳು ತಂಗಿಗೆ ತಂದ ಹೊಸ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಮಡಚಿದೆವು.

ಮದುವೆಯ ದಿನ ನಮ್ಮ ಮನೆಯಲ್ಲಿ ಎರಡು ಕುರ್ಚಿ ಇಟ್ಟು ಒಂದರಲ್ಲಿ ಆ ಸೀರೆ, ಇನ್ನೊಂದರಲ್ಲಿ ಪಂಚೆ, ಅಂಗಿ. ಹುಡುಗನ ತಾಯಿ ಸೀರೆಯ ಮೇಲೆ ಕರಿಮಣಿ ಇಟ್ಟರು. ಅವರು ಹೊರಡುವಾಗ ಅಮ್ಮ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಕೊಟ್ಟಳು.

"ಅವಳಿಗೆ ಬೆಲ್ಲ ಅಂದ್ರೆ ಜೀವ."

"ನಮ್ಮವನಿಗೂ," ಅಂದರು ಅವರು. ಆಮೇಲೆ ಇಬ್ಬರು ತಾಯಂದಿರೂ ಅತ್ತರು.

ಮುಂದಿನ ಹಬ್ಬಕ್ಕೆ ಅಮ್ಮ ಎಲೆ ಹಾಕಿದಳು. ಅಪ್ಪನದ್ದು, ತನ್ನದು, ನನ್ನದು. ನನ್ನ ಪಕ್ಕದಲ್ಲಿ ಬರೀ ನೆಲ.

"ಅಮ್ಮ, ಅವಳದ್ದು?"

"ಇನ್ನು ಅವಳಿಗೆ ಅಲ್ಲಿ ಬಡಿಸ್ತಾರಲ್ಲ ಮಗಾ." ಅಮ್ಮನ ಮುಖ ಅಷ್ಟು ಹಗುರವಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇದನ್ನೆಲ್ಲ ನಂಬದವಳು ನಾನು. ತಂಗಿ ಹೋದಾಗ ಅಳಲು ನನಗೆ ತಿಳಿದಿರಲಿಲ್ಲ. ಆದರೂ ಆ ಮಧ್ಯಾಹ್ನ ಅತ್ತುಬಿಟ್ಟೆ.