ಕಾತ್ಯಾಯಿನಿ ಮೇಡಂ ಮತ್ತು ಖಾಲಿ ಗುಳ್ಳೆಗಳು

ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಸೇರಿಸಿ ಅಂಟು ಮಾಡಿದರೆ ಬರುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಹಸಿವು ಹುಟ್ಟಿಸುವ ಹಾಗೆ ಶುರುವಾಗಿ, ಇದ್ದ ಹಸಿವೂ ಹೋಗುವ ಹಾಗೆ ಮುಗಿಯುತ್ತದೆ. ಮೊನ್ನೆ ಹನುಮಂತನಗರದಲ್ಲಿ ಬೈಂಡರ್ ಮುನಿರಾಜುವಿನ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಚೀಲದಲ್ಲಿದ್ದದ್ದು ನಮ್ಮ ಬಡಾವಣೆಯ ಲೈಬ್ರರಿಯ ಒಂದು ಕಾಮಿಕ್ಸ್ ಪುಸ್ತಕ. ಬೆನ್ನು ಬಿಚ್ಚಿಕೊಂಡು ಹಾಳೆಗಳು ಹೊರಗೆ ಇಣುಕುತ್ತಿದ್ದವು. ಮುಖಪುಟದಲ್ಲಿ ಗೋಧಿ ಬಣ್ಣದ ಹುಡುಗಿಯೊಬ್ಬಳು ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡುತ್ತಿದ್ದಳು. ಅರವತ್ತು ದಾಟಿದ ಗಂಡಸು ಸೂಪರ್‌ಹೀರೋ ಒಬ್ಬಳನ್ನು ರಿಪೇರಿಗೆ ತಂದಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ಯಾರೂ ನನಗೆ ಹೇಳಿಕೊಟ್ಟಿಲ್ಲ. ಬಸ್ಸು ಕಾಯುವವನ ಹಾಗೆ ನಿಂತಿದ್ದೆ.

ಈ ಪುಸ್ತಕವನ್ನು ಲೈಬ್ರರಿಗೆ ಶಿಫಾರಸು ಮಾಡಿದವನು ನಾನೇ. ಹಾಗೆಂದು ನಾನೇನೋ ಕಾಮಿಕ್ಸ್ ಬಲ್ಲವನೆಂದು ತಿಳಿಯಬೇಡಿ. ಸರ್ಕಾರಿ ಕಚೇರಿಯಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸುತ್ತ ಆಯುಷ್ಯ ಕಳೆದವನು. ಬಡಾವಣೆಯ ಸಂಘದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದದ್ದು ಕೊನೆಯಲ್ಲಿ ಬರುವ ಬೋಂಡಾ ಸೂಪಿಗಾಗಿ. ಅಲ್ಲಿ ಒಂದು ದಿನ ಬಾಯಿ ತಪ್ಪಿ ಒಂದು ಪದ ಆಡಿದೆ. ಆ ಕಥೆ ಹೇಳಬೇಕಾದರೆ ಮೊದಲು ಕಾತ್ಯಾಯಿನಿ ಮೇಡಂ ವಿಷಯ ಹೇಳಬೇಕು. ಅವರ ವಿಷಯ ಹೇಳಬೇಕಾದರೆ ಹಿಟ್ಟಿನ ಗಿರಣಿಯ ವಿಷಯ.

ನಮ್ಮ ಲೈಬ್ರರಿ ಇರುವುದು ಒಂದು ಮಹಡಿಯ ಮೇಲೆ. ಕೆಳಗೆ ಆಗ ಹಿಟ್ಟಿನ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ರಾಗಿಯೋ ಗೋಧಿಯೋ ಬೀಸುತ್ತಲೇ ಇರುತ್ತಿದ್ದುದರಿಂದ, ಮಾತನಾಡಬಾರದೆಂದು ಬೋರ್ಡು ಹಾಕಿದ್ದ ಆ ಕೋಣೆಯಲ್ಲಿ ಎಲ್ಲರೂ ಕಿರುಚಿಕೊಂಡೇ ಮಾತನಾಡುತ್ತಿದ್ದೆವು. ಪುಸ್ತಕಗಳ ಮೇಲೆ ಯಾವಾಗಲೂ ತೆಳ್ಳಗೆ ಹಿಟ್ಟು. ಅದನ್ನು ಸೆರಗಿನಿಂದ ಒರೆಸುತ್ತ ಕೂತಿರುತ್ತಿದ್ದವರು ಕಾತ್ಯಾಯಿನಿ ಮೇಡಂ. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದು ನಿವೃತ್ತರಾದವರು, ಸಂಬಳವಿಲ್ಲದೆ ಲೈಬ್ರರಿ ನೋಡಿಕೊಳ್ಳುತ್ತಿದ್ದರು. ಅವರದು ಎರಡು ಕಾನೂನು. ತಾವು ಓದದ ಪುಸ್ತಕವನ್ನು ಕಪಾಟಿಗೆ ಸೇರಿಸುತ್ತಿರಲಿಲ್ಲ. ಕಥೆ ಹೇಳದೆ ಯಾರ ಪುಸ್ತಕವನ್ನೂ ವಾಪಸ್ಸು ತೆಗೆದುಕೊಳ್ಳುತ್ತಿರಲಿಲ್ಲ. ಮೇಜಿನ ಮುಂದೆ ನಿಂತು, ಉತ್ತರ ಒಪ್ಪಿಸುವ ಹಾಗೆ, ಕೊನೆಯವರೆಗೂ ಹೇಳಬೇಕು.

ಒಮ್ಮೆ ನಾನು ದಪ್ಪ ಕಾದಂಬರಿಯೊಂದನ್ನು ಅರ್ಧಕ್ಕೇ ಬಿಟ್ಟು, ಉಳಿದರ್ಧವನ್ನು ಮೆಟ್ಟಿಲು ಹತ್ತುವಾಗ ಹೊಸೆದುಕೊಂಡು ಹೋಗಿ ಒಪ್ಪಿಸಿದೆ. ನಾಯಕಿಗೆ ಮದುವೆ ಮಾಡಿಸಿದೆ, ವಿಲನ್ನಿಗೆ ಲಕ್ವ ಹೊಡೆಸಿದೆ. ಮೇಡಂ ಗಂಭೀರವಾಗಿ ತಲೆಯಾಡಿಸಿದರು.

"ನೀವು ಹೇಳಿದ್ದೇ ಚೆನ್ನಾಗಿದೆ. ಅದರಲ್ಲಿರೋದು ಇಷ್ಟು ಚೆನ್ನಾಗಿಲ್ಲ" ಎಂದರು.

ನಾನು ವಾರಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಗಿರಣಿ ಮುಚ್ಚಿತು. ಆ ಜಾಗಕ್ಕೆ ಮೊಮೊ ಅಂಗಡಿ ಬಂತು. ಮೊಮೊ ಬೇಯುವಾಗ ಸದ್ದು ಮಾಡುವುದಿಲ್ಲ. ಲೈಬ್ರರಿಗೆ ಮೊದಲ ಸಲ ಮೌನ ಬಂತು, ನಾವೆಲ್ಲ ನಾಚಿಕೊಂಡು ದನಿ ತಗ್ಗಿಸಿದೆವು. ತಗ್ಗಿಸದೇ ಇದ್ದವರು ಮೇಡಂ ಒಬ್ಬರೇ. "ಎಂಜಲು ಹಚ್ಚಿ ಹಾಳೆ ತಿರುಗಿಸಬೇಡೀ!" ಎಂದು ಅವರು ಕೂಗಿದರೆ ಕೆಳಗೆ ಮೊಮೊ ತಿನ್ನುತ್ತಿದ್ದವರು ಬೆರಳು ಒರೆಸಿಕೊಳ್ಳುತ್ತಿದ್ದರು. ಕಥೆ ಒಪ್ಪಿಸಲು ಬಂದವರ ಮುಖವನ್ನೇ ನೋಡುತ್ತ, ಅವರ ತುಟಿ ನಿಂತಾಗ "ಸರಿ, ಇಡಿ" ಎನ್ನುತ್ತಿದ್ದರು. ಯಾರೋ ಹುಡುಗಿ ಪುಸ್ತಕದ ಕಥೆಯ ಬದಲು ಹಿಂದಿನ ದಿನ ನೋಡಿದ ಸಿನಿಮಾದ ಕಥೆ ಹೇಳಿ ಪಾಸಾದಳಂತೆ. ಸುದ್ದಿ ಹಬ್ಬಿತು. ಮೇಡಂಗೆ ಕಿವಿ ಕೇಳಿಸುವುದಿಲ್ಲ, ಎಷ್ಟು ವರ್ಷಗಳಿಂದಲೋ ಏನೋ, ಗಿರಣಿ ಅದನ್ನು ಮುಚ್ಚಿಟ್ಟಿತ್ತು. ಹಾಗಾದರೆ ನನ್ನ ಲಕ್ವದ ಕಥೆ ಅವರಿಗೆ ಕೇಳಿಸಿತ್ತೇ? ಈಗಲೂ ಆ ಅನುಮಾನ ನನ್ನನ್ನು ಕಾಡುತ್ತದೆ.

ಸಂಘದ ಅಧ್ಯಕ್ಷರು ಸಿದ್ದಲಿಂಗಪ್ಪನವರು. ಹಾರ್ಡ್‌ವೇರ್ ಅಂಗಡಿಯವರು, ಮೊಳೆಯಿಂದ ಮನುಷ್ಯರವರೆಗೆ ಯಾವುದನ್ನು ಎಲ್ಲಿ ಹೊಡೆಯಬೇಕೆಂದು ಬಲ್ಲವರು. ಮೇಡಂ ಇಲ್ಲದ ಒಂದು ಸಭೆಯಲ್ಲಿ ಮೆಲ್ಲಗೆ ಶುರು ಮಾಡಿದರು.

"ಮೇಡಂ ಸೇವೆ ದೊಡ್ಡದು ಸಾರ್, ಎರಡು ಮಾತಿಲ್ಲ. ಅದಕ್ಕೇ ಹೇಳ್ತಿರೋದು, ಒಂದು ಒಳ್ಳೆ ಸನ್ಮಾನ ಮಾಡಿಬಿಡೋಣ."

ನಮ್ಮ ಕಡೆ ಸನ್ಮಾನವೆಂದರೇನು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಫೋಟೋ ತೆಗೆದು, ಆಟೋ ಹತ್ತಿಸುವುದು. ಮಾರನೆಯ ದಿನ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಬೈದು ಕಳಿಸಿದರೆ ಜಗಳವಾಡಬಹುದು, ಹಾರ ಹಾಕಿ ಕಳಿಸಿದವರ ಮೇಲೆ ಏನು ಮಾಡಲಾಗುತ್ತದೆ?

"ಮೇಡಂ ಅವರನ್ನ ಒಂದ್ ಮಾತ್ ಕೇಳೀರೇನ್ರಿ?" ಎಂದರು ಪಾಟೀಲರು. ಗದಗದ ಕಡೆಯವರು, ಬಿಟಿಎಂನ ಬಾಡಿಗೆ ಮನೆ ಬಿಟ್ಟು ಆಗಷ್ಟೇ ನಮ್ಮ ಬೀದಿಗೆ ಬಂದಿದ್ದರು.

"ಕೇಳಿದ್ರೆ ಅವರಿಗೆ ಕೇಳಿಸ್ಬೇಕಲ್ಲ ಪಾಟೀಲ್ರೇ" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಲ್ಲಿ ಬೋಂಡಾ ಇತ್ತು.

ಎರಡನೆಯ ವಿಷಯ, ಲೈಬ್ರರಿಗೆ ಮಕ್ಕಳನ್ನು ಎಳೆಯಲು ಸೂಪರ್‌ಹೀರೋ ಕಾಮಿಕ್ಸ್ ಕೊಳ್ಳುವುದು. ಆಗಲೇ ನಾನು ಆ ಪದ ಆಡಿದ್ದು. ಎಲ್ಲೋ ಓದಿದ್ದು ನಾಲಿಗೆಯ ತುದಿಯಲ್ಲಿತ್ತು. "ಕೊಳ್ಳೋದಾದ್ರೆ ವೈವಿಧ್ಯ ಇರ್ಬೇಕು. ಎಲ್ಲ ಥರದ ಹೀರೋಗಳೂ ಇರ್ಬೇಕು" ಎಂದೆ. ಸಭೆಗೆ ಬೆಂಕಿ ಹತ್ತಿಕೊಂಡಿತು.

"ನಮ್ಮ ಕಡೆಯವ ಒಬ್ಬಾವರ ಅದಾನೇನ್ರಿ?" ಎಂದರು ಪಾಟೀಲರು. "ಎಲ್ಲಾರೂ ಅಮೆರಿಕಾದಾಗ ಹಾರಾಡತಾರ. ಆ ಬಿಗಿ ಪ್ಯಾಂಟ್ ಹಾಕ್ಕೊಂಡು ಗದಗ ಬಿಸಲಾಗ ಹಾರ್ಲಿ ನೋಡೋಣು."

"ವೆಜಿಟೇರಿಯನ್ ಹೀರೋ ಸಿಗ್ತಾನಾ ಸಾರ್?" ಎಂದು ಅಧ್ಯಕ್ಷರು ನಿಜವಾಗಿಯೂ ಕಳಕಳಿಯಿಂದ ಕೇಳಿದರು. ಖಜಾಂಚಿಗಳು ಹೆಣ್ಣು ಹೀರೋ ಬಂದರೆ ಮೈತುಂಬ ಬಟ್ಟೆಯಿರಲಿ ಎಂದರು. ವೈವಿಧ್ಯವೆಂದರೆ ನಮ್ಮವರೂ ಇರಬೇಕು ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿತ್ತು, ನಮ್ಮವರು ಯಾರು ಎಂಬುದರಲ್ಲಿ ಮಾತ್ರ ಇರಲಿಲ್ಲ. ಕೊನೆಗೆ ಮಾತು ತೆಗೆದವನೇ ಹೋಗಿ ತರಲಿ ಎಂದು ತೀರ್ಮಾನವಾಯಿತು. ಸಭೆಗಳಲ್ಲಿ ಹೊಸ ಪದ ಬಳಸಿದವರಿಗೆ ಸಿಗುವ ಶಿಕ್ಷೆ ಇದು.

ಜಯನಗರದ ಪುಸ್ತಕದಂಗಡಿಯಲ್ಲಿ ನೀಲಿ ಕೂದಲಿನ ಹುಡುಗಿಯೊಬ್ಬಳಿದ್ದಳು. ವೈವಿಧ್ಯವಿರುವ ಹೀರೋಗಳು ಬೇಕೆಂದೆ. "ಯಾವ ಥರ ಡೈವರ್ಸಿಟಿ ಬೇಕು ಅಂಕಲ್?" ಎಂದಳು. ಖಾರದ ಅಂಗಡಿಯಲ್ಲಿ ಮಿಕ್ಸ್ಚರ್ ಕೇಳುವವನ ಹಾಗೆ "ಎಲ್ಲಾ ಸ್ವಲ್ಪ ಸ್ವಲ್ಪ ಹಾಕಿ ಕೊಡಮ್ಮ" ಎಂದೆ. "ಸಖತ್ ಅಂಕಲ್!" ಎಂದು ಅವಳು ಖುಷಿಯಿಂದ ಆರಿಸಿಕೊಟ್ಟಳು. ರೈಲು ನಿಲ್ಲಿಸುವ ಅಜ್ಜಿ, ಗಾಲಿಕುರ್ಚಿಯಲ್ಲಿ ಕೂತೇ ಊರು ಕಾಯುವ ಮೇಷ್ಟ್ರು, ತಲೆಗೆ ವಸ್ತ್ರ ಸುತ್ತಿಕೊಂಡು ಹೋಂವರ್ಕ್ ಮುಗಿಸಿದ ಮೇಲೆಯೇ ಹಾರುವ ಹುಡುಗಿ. ಎಲ್ಲ ಇಂಗ್ಲಿಷಿನವೇ. ಸಸ್ಯಾಹಾರಿ ಸಿಗಲಿಲ್ಲ. ಕಟ್ಟನ್ನು ನೇರವಾಗಿ ಮೇಡಂ ಮನೆಗೆ ತಲುಪಿಸಿದೆ, ಅವರು ಮೊದಲು ಓದಬೇಕಲ್ಲ.

ನಿಮ್ಮ ಬಡಾವಣೆಯ ಲೈಬ್ರರಿಗೆ ನೀವೇನಾದರೂ ಪುಸ್ತಕ ಶಿಫಾರಸು ಮಾಡುವವರಾದರೆ ನನ್ನದೊಂದು ಸಲಹೆ ಇದೆ: ಕೊಳ್ಳುವ ಮೊದಲು ಒಳಗಿರುವುದನ್ನು ನೋಡಿ. ನಾನು ನೋಡಿರಲಿಲ್ಲ. ಬಿಲ್ಲಿನ ಜೊತೆ ಬಂದಿದ್ದ ಪರಿಚಯದ ಚೀಟಿಯನ್ನು ಮನೆಗೆ ಬಂದು ಓದಿದಾಗಲೇ ಗೊತ್ತಾದದ್ದು. ಒಂದು ಪುಸ್ತಕದ ನಾಯಕಿ ಮೀನು ಮಾರುವ ಹುಡುಗಿ, ಅವಳಿಗೆ ಕಿವಿ ಕೇಳಿಸುವುದಿಲ್ಲ, ಕಿವಿಗೆ ಯಂತ್ರ ಹಾಕಿಕೊಂಡಿರುತ್ತಾಳೆ. ಖಳನ ದನಿ ಕೇಳಿದವರೆಲ್ಲ ಅವನ ಗುಲಾಮರಾಗುತ್ತಾರೆ. ಅವಳು ಯಂತ್ರ ತೆಗೆದಿಟ್ಟು ಅವನ ಮೇಲೆ ಬೀಳುತ್ತಾಳೆ. ಸನ್ಮಾನದ ಸಂಚು ನಡೆಯುತ್ತಿರುವಾಗ, ಕಿವುಡಿಯ ಪುಸ್ತಕವನ್ನು ಮೇಡಂ ಕೈಗೆ ನಾನೇ ಇಟ್ಟು ಬಂದಿದ್ದೆ. ಅಣಕಿಸಲೆಂದೇ ಕೊಟ್ಟನೆಂದು ಅವರು ತಿಳಿಯದೆ ಇನ್ನೇನು ತಿಳಿದಾರು? ವಾರವೆಲ್ಲ ಅವರ ಬೀದಿ ತಪ್ಪಿಸಿ ಸುತ್ತಿ ಓಡಾಡಿದೆ.

ಮುಂದಿನ ಸಭೆಗೆ ಮೇಡಂ ಕಾಮಿಕ್ಸ್ ಕಟ್ಟನ್ನು ಎದೆಗವಚಿಕೊಂಡು ಬಂದರು. ಅಧ್ಯಕ್ಷರ ಕುರ್ಚಿಯ ಕೆಳಗೆ ಶಾಲಿನ ಪೊಟ್ಟಣ ಇರುವುದು ನನಗೆ ಕಾಣುತ್ತಿತ್ತು. ಮೇಡಂ ಮೇಜಿನ ಮೇಲಿಟ್ಟ ಕಾಮಿಕ್ಸನ್ನು ಅಧ್ಯಕ್ಷರು ತಿರುವುತ್ತ ತಿರುವುತ್ತ ಒಂದರಲ್ಲಿ ನಿಂತರು. ಅದೇ ಪುಸ್ತಕ.

"ಏನ್ ಸಾರ್ ಇದು, ಪ್ರಿಂಟೇ ಆಗಿಲ್ಲ!" ಎಂದು ಹಾಳೆಯನ್ನು ಎಲ್ಲರಿಗೂ ತೋರಿಸಿದರು. ಚಿತ್ರದಲ್ಲಿ ಸಂತೆ ತುಂಬ ಜನ, ಎಲ್ಲರ ಬಾಯೂ ತೆರೆದಿದೆ, ಪ್ರತಿ ಬಾಯಿಯ ಪಕ್ಕದಲ್ಲೂ ಮಾತಿನ ಗುಳ್ಳೆಯಿದೆ. ಗುಳ್ಳೆಗಳೊಳಗೆ ಒಂದಕ್ಷರವೂ ಇಲ್ಲ. ಬೆಳ್ಳಗೆ ಖಾಲಿ. ಮುಂದಿನ ಹಾಳೆಯೂ ಹಾಗೆಯೇ. "ಡಿಫೆಕ್ಟ್ ಪೀಸ್. ವಾಪಸ್ ಕೊಟ್ಬಿಡಿ."

ಮೇಡಂಗೆ ಅವರ ಮಾತು ಕೇಳಿಸಿರಲಿಲ್ಲ, ಬೆರಳು ಎಲ್ಲಿದೆಯೆಂದು ಕಂಡಿತು. ಎದ್ದು ಬಂದು ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡರು.

"ಅದು ತಪ್ಪಲ್ಲ" ಎಂದರು. ಮೊದಲ ಸಲ ಅವರ ದನಿ ಕೂಗಿನಂತಿರಲಿಲ್ಲ. "ಅವಳು ಯಂತ್ರ ತೆಗೆದಾಗ ಹಾಗೆ. ನನಗೂ ನೀವೆಲ್ಲ ಹೀಗೇ ಕಾಣಿಸ್ತೀರಿ. ಬಾಯಿ ಆಡುತ್ತೆ, ಗುಳ್ಳೆ ಖಾಲಿ."

ಆ ಹೊತ್ತಿಗೆ ನಮ್ಮ ಗುಳ್ಳೆಗಳೂ ಖಾಲಿಯೇ.

"ಕಥೆ ಸುಳ್ಳು. ಕೇಳಿಸ್ದೇ ಇದ್ರೆ ಯಾವ ಶಕ್ತೀನೂ ಬರಲ್ಲ, ಸುಸ್ತಾಗುತ್ತೆ ಅಷ್ಟೆ. ಈ ಎರಡು ಹಾಳೆ ಮಾತ್ರ ನಿಜ" ಎಂದರು. ಹಾಳೆಯ ಮೇಲೆ ಬೆರಳಿಟ್ಟುಕೊಂಡೇ, "ಕೇಳಿಸ್ಲಿಲ್ಲ ಅಂತ ಒಂದು ಮಾತು ಹೇಳೋಕೆ ಇಷ್ಟು ವರ್ಷ ನಾಚಿಕೆ ಪಟ್ಟೆ. ಸರಿ ಸರಿ ಅಂತ ತಲೆಯಾಡಿಸ್ಕೊಂಡೇ ಬಂದೆ. ಈ ಕುರ್ಚೀಲಿ ಕೂತ್ರೆ ನಾಲ್ಕು ಜನದ ಮುಖ ಆದ್ರೂ ನೋಡ್ತೀನಿ. ಅದನ್ನ ಕಿತ್ಕೋಬೇಡಿ" ಎಂದರು. ಶಾಲಿನ ಪೊಟ್ಟಣ ಅವರಿಗೂ ಕಂಡಿತ್ತು.

ನನಗೆ ನಾಚಿಕೆಯಾಯಿತು. ಪಾಟೀಲರು ಮಾತ್ರ ಎದ್ದು ಹತ್ತಿರ ಹೋಗಿ ಏನೋ ಹೇಳಿದರು. ಮೇಡಂ ಮೇಜಿನ ಮೇಲಿದ್ದ ಪೆನ್ಸಿಲನ್ನು ಅವರ ಕೈಗಿಟ್ಟು, "ಇಲ್ಲಿ ಬರೀರಿ" ಎಂದರು. ಅಂಚಿನಲ್ಲಿ ಟಿಕ್ ಹಾಕಿದವರನ್ನೂ ನಿಲ್ಲಿಸಿ ಬೈಯುತ್ತಿದ್ದ ಹೆಂಗಸು! ಪಾಟೀಲರು ಒಂದು ಖಾಲಿ ಗುಳ್ಳೆಯೊಳಗೆ ಗುಂಡಗೆ ಬರೆದರು: "ನೀವ ಇರ್ರಿ ಮೇಡಂ."

ಶಾಲು ತಂದಾಗಿತ್ತು, ಅಂಗಡಿಯವನು ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸಿದ್ದಲಿಂಗಪ್ಪನವರು ಅದನ್ನು ಹೊದಿಸಿಯೇ ಬಿಟ್ಟರು. ಸನ್ಮಾನಿತರು ಶಾಲು ಮಡಚಿ ಪಕ್ಕಕ್ಕಿಟ್ಟು ಅದೇ ಕುರ್ಚಿಯಲ್ಲಿ ಹೋಗಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಮೇಡಂ ಕಿವಿಗೆ ಯಂತ್ರ ಹಾಕಿಸಿಕೊಂಡರು. "ಹಾಕ್ಕೊಂಡ ಮೇಲೆ ಗೊತ್ತಾಯ್ತು, ಅಷ್ಟೇನೂ ಕಳ್ಕೊಂಡಿರ್ಲಿಲ್ಲ" ಎಂದರು. ಅಧ್ಯಕ್ಷರ ಭಾಷಣ ಶುರುವಾದರೆ ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತಿದ್ದರು, ನಮಗೆಲ್ಲ ಹೊಟ್ಟೆಕಿಚ್ಚು. ಕಥೆ ಒಪ್ಪಿಸುವ ಕಾನೂನು ಮುಂದುವರಿಯಿತು. ಆ ಪುಸ್ತಕವೊಂದಕ್ಕೆ ಮಾತ್ರ ಬೇರೆ ಕಾನೂನು: ಓದಿದವರು ಒಂದು ಗುಳ್ಳೆಯಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದು ಕೊಡಬೇಕು. ಈಗ ಅವರು ಅಂಜನಾಪುರದಲ್ಲಿ ತಂಗಿಯ ಜೊತೆ ಇದ್ದಾರೆ. ಅಲ್ಲೂ ಒಂದು ಲೈಬ್ರರಿ ಹಿಡಿದಿದ್ದಾರಂತೆ, ಅಲ್ಲಿಯವರೂ ಕಥೆ ಒಪ್ಪಿಸುತ್ತಿದ್ದಾರಂತೆ.

ಮುನಿರಾಜು ಹಾಳೆಗಳನ್ನು ತಿರುವಿ ಮುಖ ಸಿಂಡರಿಸಿದ. "ಮಕ್ಳು ಎಲ್ಲಾ ಗೀಚಾಕವ್ರೆ ಸಾರ್. ರಬ್ಬರ್ ಹಾಕಿ ಕ್ಲೀನ್ ಮಾಡ್ಕೊಡ್ಲಾ?"

"ಬೇಡ ಬೇಡ. ಅಂಚೂ ಕತ್ತರಿಸ್ಬೇಡಿ, ಅಕ್ಷರ ಹೋಗುತ್ತೆ."

ಅವನು ತಲೆಯಾಡಿಸಿ, ಆ ಕಡೆ ತಿರುಗಿ ಬೇರೆ ಯಾವುದೋ ಕಟ್ಟನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟ. ಅದು ಗರಗರ ಎಂದಿತು. ಬೆನ್ನು ಹಾಕಿಕೊಂಡೇ ಅವನು ಏನೋ ಹೇಳಿದ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಇತ್ತೀಚೆಗೆ ನಮ್ಮ ಮನೆಯಲ್ಲಿ ಟಿವಿ ಸದ್ದಿಗೆ ದಿನವೂ ಜಗಳ. ಫೋನು ಬಂದರೆ ನಾನು ಹೆಂಡತಿಗೆ ಕೊಡುತ್ತೇನೆ. ಯಾರಾದರೂ ಏನಾದರೂ ಅಂದರೆ ನಗುತ್ತ "ಹೌದೌದು" ಎನ್ನುವುದು ನನ್ನ ಉಪಾಯ. ಹಾಗೆ ಹೌದೌದು ಎಂದೇ ಈ ಸಲದ ಗಣೇಶೋತ್ಸವದ ಜವಾಬ್ದಾರಿ ನನ್ನ ತಲೆಗೆ ಬಂದಿದೆ, ಯಾವಾಗ ಒಪ್ಪಿಕೊಂಡೆನೋ ದೇವರೇ ಬಲ್ಲ.

ಮುನಿರಾಜುವಿಗೂ ಹೌದೌದು ಎನ್ನಲು ಬಾಯಿ ತೆರೆದಿದ್ದೆ. ಕಟ್ಟೆಯ ಮೇಲೆ ಪುಸ್ತಕ ತೆರೆದುಕೊಂಡಿತ್ತು. ಸಂತೆಯ ಜನರೆಲ್ಲ ಈಗ ಪೆನ್ಸಿಲಿನಲ್ಲಿ ಮಾತಾಡುತ್ತಿದ್ದರು. ಪಾಟೀಲರ ಗುಂಡು ಅಕ್ಷರ ಮಾಸಿತ್ತು, ಆದರೂ ಓದಬಹುದಿತ್ತು.

"ಮುನಿರಾಜು, ನನಗೆ ಕೇಳಿಸ್ಲಿಲ್ಲ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಹೊಸದೆನಿಸಿತು. "ಈ ಕಡೆ ತಿರುಗಿ ಇನ್ನೊಂದ್ಸಲ ಹೇಳಿ."

ಅವನು ಯಂತ್ರ ನಿಲ್ಲಿಸಿ, ತಿರುಗಿ, ನನ್ನ ಮುಖ ನೋಡಿ ಹೇಳಿದ: "ಬುಧವಾರ ಬನ್ನಿ ಸಾರ್."

ಇಷ್ಟು ಸ್ಪಷ್ಟವಾಗಿ ಒಂದು ಮಾತು ನನ್ನ ಕಿವಿಗೆ ಬಿದ್ದು ಬಹಳ ದಿನವಾಗಿತ್ತು.